ಗಾಳಿಯ ಏಣಿ

ಫಾಲ್ಗುಣ, ಚೈತ್ರಮಾಸಗಳಲ್ಲಿ ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಹೊರಟ ಪ್ರಯಾಣಿಕನು ಬಸ್ಸಿನ ಕಿಟಕಿಯಿಂದ ಕೊಂಚ ಮೇಲಕ್ಕೆ ದೃಷ್ಟಿ ಹರಿಸಿದರೆ ಒಂದು ಪುಟ್ಟ ವಿಸ್ಮಯವನ್ನು ಕಾಣಬಹುದು. ರಾಗಿಯ ಕಟಾವು ಮುಗಿದು ಬರಿದಾದ ಹೊಲದ ಮೇಲೆ, ಹತ್ತುಗಂಟೆಯ ಬಿಸಿಲಿನಲ್ಲಿ, ಹದ್ದೊಂದು ರೆಕ್ಕೆಯನ್ನು ಬಡಿಯದೆ ಸುತ್ತುತ್ತಿರುತ್ತದೆ. ಸುತ್ತುಸುತ್ತಿಗೂ ಅದು ಮೇಲಕ್ಕೇರುತ್ತದೆ. ಕೆಲವು ನಿಮಿಷಗಳಲ್ಲಿ ಚುಕ್ಕೆಯಾಗಿ ಕಣ್ಣಿಗೆ ಮರೆಯಾಗುತ್ತದೆ. ಪೆಟ್ರೋಲಿಲ್ಲದೆ, ಟಿಕೆಟ್ಟಿಲ್ಲದೆ ಸಾಗಿದ ಈ ಯಾತ್ರೆಯನ್ನು, ಚಿಲ್ಲರೆಗಾಗಿ ಕಂಡಕ್ಟರನೊಡನೆ ವಾದಕ್ಕೆ ನಿಂತ ಪ್ರಯಾಣಿಕರು ಗಮನಿಸುವುದು ಅಪರೂಪ.

ಗಮನಿಸಿದವರು ಇಲ್ಲದಿಲ್ಲ. ಆಗ್ರಾದಲ್ಲಿ ಸರ್ಕಾರದ ಸೇವೆಯಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಕ್ರಿಮಿಶಾಸ್ತ್ರಜ್ಞನು ಹದ್ದು, ರಣಹದ್ದುಗಳ ಹಾರಾಟವನ್ನು ವರ್ಷಗಟ್ಟಲೆ ನೋಡಿ, ಗಳಿಗೆ ಗಳಿಗೆಯನ್ನೂ ಬರೆದಿಟ್ಟು, 1913ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಬೆಳಗ್ಗೆ ಮೊದಲು ಮೇಲೇರುವುದು ಹಗುರವಾದ ಹದ್ದು. ಭಾರವಾದ ರಣಹದ್ದು ಬಿಸಿಲು ಇನ್ನಷ್ಟು ಬಲಿತ ಮೇಲೆಯೇ ಮರವನ್ನು ಬಿಡುವುದು. ಆಕಾಶದಲ್ಲಿಯೂ ಒಂದು ವೇಳಾಪಟ್ಟಿಯಿದೆ, ಅದನ್ನು ಬರೆಯುವವನು ಸೂರ್ಯ ಎಂಬುದು ಅವನ ದಿನಚರಿಯಿಂದ ತಿಳಿಯುತ್ತದೆ.

ಆ ಪಕ್ಷಿಗಳ ವಿದ್ಯೆಯನ್ನೇ ಮನುಷ್ಯನು ಅಭ್ಯಾಸ ಮಾಡಿ ರೂಪಿಸಿಕೊಂಡ ವಾಹನಕ್ಕೆ ಗ್ಲೈಡರು ಎಂದು ಹೆಸರು. ಅದಕ್ಕೆ ನೀಳವಾದ ರೆಕ್ಕೆಗಳಿವೆ, ಬಾಲವಿದೆ, ಒಬ್ಬರೋ ಇಬ್ಬರೋ ಕೂರುವಷ್ಟು ಸ್ಥಳವಿದೆ. ಎಂಜಿನ್ ಮಾತ್ರ ಇಲ್ಲ. ಈ ಮಾತನ್ನು ಹೊಳೆನರಸೀಪುರದ ಯಾವ ಮನೆಯ ಜಗಲಿಯಲ್ಲಿ ಹೇಳಿದರೂ, “ಅಲ್ಲಪ್ಪ, ಎಂಜಿನ್ನೇ ಇಲ್ಲವೆಂದ ಮೇಲೆ ಅದು ಬೀಳುವುದಿಲ್ಲವೇ?” ಎಂದು ಅಜ್ಜಿ ಕೇಳದೆ ಇರಲಾರರು. “ಬೀಳುತ್ತಲೇ ಇರುತ್ತದೆ ಅಜ್ಜಿ” ಎಂಬುದೇ ಅದಕ್ಕೆ ಸರಿಯಾದ ಉತ್ತರ. ಗ್ಲೈಡರು ತನ್ನ ಸುತ್ತಣ ಗಾಳಿಯಲ್ಲಿ ಸದಾ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಆದರೆ ಆ ಗಾಳಿಯೇ ಇನ್ನೂ ವೇಗವಾಗಿ ಮೇಲೇರುತ್ತಿದ್ದರೆ, ಜಾರುವ ವಾಹನವೂ ಗಾಳಿಯೊಡನೆ ಮೇಲೇರಲೇಬೇಕು. ಸೆಕೆಂಡಿಗೆ 1 ಮೀಟರು ಇಳಿಯುವ ಗ್ಲೈಡರು ಸೆಕೆಂಡಿಗೆ 3 ಮೀಟರು ಏರುವ ಗಾಳಿಯನ್ನು ಹೊಕ್ಕರೆ, ಲೆಕ್ಕದಲ್ಲಿ 2 ಮೀಟರಿನ ಲಾಭ. ಎಂಟು ಒಂಬತ್ತು ನಿಮಿಷಗಳಲ್ಲಿ ಅದು 1 ಕಿಲೋಮೀಟರು ಎತ್ತರವನ್ನು ಸಂಪಾದಿಸುತ್ತದೆ.

ಗಾಳಿಯೇಕೆ ಮೇಲೇರಬೇಕು? ಬಿಸಿಲು ಎಲ್ಲ ನೆಲವನ್ನೂ ಒಂದೇ ಸಮನಾಗಿ ಕಾಯಿಸುವುದಿಲ್ಲ. ಕೆರೆಯ ನೀರು, ಹಸುರಾದ ಗದ್ದೆ ನಿಧಾನವಾಗಿ ಕಾಯುತ್ತವೆ; ಉತ್ತ ಕೆಮ್ಮಣ್ಣು, ಬೋಳು ಬಂಡೆ ಬೇಗ ಕಾಯುತ್ತವೆ. ಕಾದ ನೆಲಕ್ಕೆ ತಗುಲಿದ ಗಾಳಿ ಹಗುರವಾಗಿ, ಕಂಬದಂತೆ ಮೇಲೇಳುತ್ತದೆ. ಏರಿದಂತೆಲ್ಲ ತಣ್ಣಗಾಗುತ್ತ, ಒಂದು ಎತ್ತರದಲ್ಲಿ ಅದರೊಳಗಿನ ನೀರಾವಿ ಹನಿಗಟ್ಟಿ ಅರಳೆಯ ಗುಡ್ಡೆಯಂಥ ಮೋಡವಾಗುತ್ತದೆ. ಬಲ್ಲವನಿಗೆ ಪ್ರತಿಯೊಂದು ಬಿಳಿಯ ಮೋಡವೂ ಗಾಳಿಯ ಏಣಿಯೊಂದರ ತುದಿ. ಶ್ರವಣಬೆಳಗೊಳದ ಇಂದ್ರಗಿರಿ ಇಂಥ ಏಣಿ ಹುಟ್ಟಲು ಹೇಳಿಮಾಡಿಸಿದ ಬಂಡೆ. ಸಮುದ್ರಮಟ್ಟದಿಂದ 3,347 ಅಡಿ ಎತ್ತರದ ಆ ಗುಡ್ಡವನ್ನು ಮಧ್ಯಾಹ್ನದ ಹೊತ್ತಿಗೆ ಬರಿಗಾಲಿನಲ್ಲಿ ಹತ್ತಿದ ಭಕ್ತನ ಅಂಗಾಲಿಗೆ ಈ ಶಾಸ್ತ್ರವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಜಿಲ್ಲೆಯ ನಾಲ್ಕು ಊರುಗಳನ್ನೇ ತೆಗೆದುಕೊಂಡು ಒಂದು ಕಲ್ಪನೆಯ ಹಾರಾಟವನ್ನು ಹೂಡಬಹುದು. ಹಾಸನದಿಂದ ಅರಕಲಗೂಡು, ಅಲ್ಲಿಂದ ಹೊಳೆನರಸೀಪುರ, ಮುಂದೆ ಚನ್ನರಾಯಪಟ್ಟಣ, ಮತ್ತೆ ಹಾಸನ: ಹಕ್ಕಿಯ ದಾರಿಯಲ್ಲಿ ಅಳೆದರೆ ಈ ಪ್ರದಕ್ಷಿಣೆ ಸುಮಾರು 100 ಕಿಲೋಮೀಟರು. ಈ ಕಾಲದ ಸಾಧಾರಣವಾದೊಂದು ಒಳ್ಳೆಯ ಗ್ಲೈಡರು 1 ಕಿಲೋಮೀಟರು ಎತ್ತರವನ್ನು ಖರ್ಚುಮಾಡಿ, ನಿಂತ ಗಾಳಿಯಲ್ಲಿ 40 ಕಿಲೋಮೀಟರು ದೂರವನ್ನು ಸಾಗಬಲ್ಲುದು. ಹಾಸನದ ಮೇಲೆ ಗಳಿಸಿದ ಎತ್ತರ ಅರಕಲಗೂಡಿಗೆ ಧಾರಾಳವಾಗಿ ಸಾಕು. ಅಲ್ಲಿಂದ ಮುಂದಕ್ಕೆ ಹೊಸದೊಂದು ಏಣಿಯನ್ನು ಹುಡುಕಬೇಕು. ಸಿಕ್ಕಿದರೆ ಹೇಮಾವತಿಯನ್ನು ದಾಟಿ ಪ್ರಯಾಣ. ಸಿಕ್ಕದಿದ್ದರೆ ಯಾರದೋ ಹೊಲದಲ್ಲಿ ಇಳಿಯಬೇಕು. ಚನ್ನರಾಯಪಟ್ಟಣದ ಕಡೆ ದಟ್ಟವಾದ ತೆಂಗಿನ ತೋಟಗಳು ಆರಂಭವಾಗುವ ಮುನ್ನವೇ ಆ ತೀರ್ಮಾನವಾಗಬೇಕು. ತೆಂಗಿನ ಮರ ಕಲ್ಪವೃಕ್ಷವೇ ಸರಿ, ಆದರೆ ಮೇಲಿನಿಂದ ಇಳಿಯುವವನ ಪಾಲಿಗಲ್ಲ.

ಹೀಗೆ ಊರಿಂದೂರಿಗೆ ಗಾಳಿಯನ್ನೇ ನಂಬಿ ಹೋಗುವವರು ಪ್ರತಿ ಬೇಸಗೆಯಲ್ಲೂ ನೆರೆಯುವ ಪ್ರದೇಶವೊಂದು ಅಮೆರಿಕದ ಪಶ್ಚಿಮದಲ್ಲಿದೆ. ನೆವಾಡಾ ಸಂಸ್ಥಾನದ ಬಹುಭಾಗವನ್ನು ಆವರಿಸಿದ ಗ್ರೇಟ್ ಬೇಸಿನ್ ಎಂಬ ಮರುಭೂಮಿ ಅದು. ಸಕಲೇಶಪುರದ ಘಟ್ಟ ಮುಂಗಾರಿನ ನೀರನ್ನೆಲ್ಲ ತಾನೇ ಕುಡಿದು ಚನ್ನರಾಯಪಟ್ಟಣದ ಬಯಲಿಗೆ ಒಣಗಾಳಿಯನ್ನು ಕಳುಹಿಸುವಂತೆ, ಅಲ್ಲಿ ಸಿಯೆರಾ ನೆವಾಡಾ ಪರ್ವತಶ್ರೇಣಿ ಪೆಸಿಫಿಕ್ ಸಾಗರದ ಮೋಡಗಳನ್ನು ತಡೆದು ಹಿಂದಿನ ನಾಡನ್ನು ಮರುಭೂಮಿಯಾಗಿಸಿದೆ. ಬೋಳು ಬೆಟ್ಟಗಳ ಸಾಲುಗಳು ಉತ್ತರದಿಂದ ದಕ್ಷಿಣಕ್ಕೆ ಒಂದರ ಪಕ್ಕದಲ್ಲೊಂದು ಮಲಗಿವೆ. ವೀಲರ್ ಎಂಬ ಶಿಖರ 13,000 ಅಡಿಗಳನ್ನು ಮೀರಿದೆ. ಬೇಸಗೆಯ ಒಳ್ಳೆಯ ದಿನಗಳಲ್ಲಿ ಅಲ್ಲಿನ ಗಾಳಿಯ ಏಣಿಗಳು 17,000, 18,000 ಅಡಿಗಳವರೆಗೂ ಏರುತ್ತವೆ. ಅಷ್ಟು ಎತ್ತರದಲ್ಲಿ ಉಸಿರಿಗೆ ಆಮ್ಲಜನಕದ ಸಿಲಿಂಡರು ಬೇಕು. ಕೆಳಗೆ ನೆಲ ಬಾಣಲೆಯಂತೆ ಕಾದಿದ್ದರೂ ಮೇಲೆ ಉಣ್ಣೆಯ ಅಂಗಿ ಬೇಕು.

ಈ ನೆರವಿಗಳಲ್ಲಿ ಎರಡು ಬಗೆ. ಒಂದು, ಅಂಕ ಹಾಕಿ, ವೇಗವನ್ನು ಅಳೆದು, ಬಹುಮಾನ ಹಂಚುವ ಸ್ಪರ್ಧೆ. ಇನ್ನೊಂದರಲ್ಲಿ ಅಂಕವೂ ಇಲ್ಲ, ಬಹುಮಾನವೂ ಇಲ್ಲ. ಸ್ನೇಹಿತರು, ಅವರ ಮನೆಯವರು, ಅಪರಿಚಿತರು ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಡೇರೆ ಹೂಡಿ ಕೆಲವು ದಿನಗಳನ್ನು ಒಟ್ಟಿಗೆ ಕಳೆಯುತ್ತಾರೆ. ಬೆಳಗ್ಗೆ ಎಲ್ಲರೂ ಸೇರಿ ಹವೆಯ ವರದಿಯನ್ನು ಕೇಳುತ್ತಾರೆ. ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕ ದಾರಿಯನ್ನು ತಾನೇ ಗೊತ್ತುಮಾಡಿಕೊಳ್ಳುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ನಿನ ವಿಮಾನವೊಂದು ಹಗ್ಗ ಕಟ್ಟಿ ಗ್ಲೈಡರುಗಳನ್ನು ಒಂದೊಂದಾಗಿ ಮೇಲಕ್ಕೆಳೆದು ಬಿಡುತ್ತದೆ. ಪಳಗಿದವನು ಮುಂದೆ, ಹೊಸಬರು ಇಬ್ಬರೋ ಮೂವರೋ ಹಿಂದೆ. ಸಂಜೆ ಊಟದ ಹೊತ್ತಿಗೆ ಯಾರು ಎಲ್ಲಿಗೆ ಹೋಗಿದ್ದರು, ಯಾರು ಎಲ್ಲಿ ಸಿಕ್ಕಿಬಿದ್ದರು ಎಂಬ ಮಾತು, ನಗು.

ನೂರಕ್ಕೆ ತೊಂಬತ್ತೆಂಟು ಬಂದ ಮಗುವನ್ನು “ಉಳಿದ ಎರಡು ಎಲ್ಲಿ ಹೋಯಿತು?” ಎಂದು ಕೇಳುವ ಮನೆಗಳಿಗೆ ಈ ಎರಡನೆಯ ಬಗೆಯ ಕೂಟ ವಿಚಿತ್ರವಾಗಿ ತೋರೀತು. ರ್‍ಯಾಂಕಿಲ್ಲದ ಮೇಲೆ ಶ್ರಮಪಡುವವರು ಯಾರು ಎಂಬ ಪ್ರಶ್ನೆ ಸಹಜ. ಆದರೆ ಅಲ್ಲಿ ಶ್ರಮಕ್ಕೆ ಕೊರತೆಯಿಲ್ಲ. ಬೆಟ್ಟದ ಸಾಲನ್ನು ದಾಟಬೇಕಾದವನನ್ನು ಸೋಮಾರಿತನಕ್ಕೆ ಬಿಡದಷ್ಟು ಅಪಾಯ ಕೆಳಗೇ ಕಾದಿರುತ್ತದೆ. ಬೆಟ್ಟದ ಒಂದು ಮಗ್ಗುಲಲ್ಲಿ ಗಾಳಿ ಮೇಲೇರಿದರೆ ಮತ್ತೊಂದು ಮಗ್ಗುಲಲ್ಲಿ ಅಷ್ಟೇ ಬಿರುಸಾಗಿ ಕೆಳಕ್ಕೆ ಧುಮುಕುತ್ತದೆ. ದಾಟಬಹುದೆಂದು ಬಗೆದು ನುಗ್ಗಿದವನ ಎತ್ತರ ನೋಡನೋಡುತ್ತಿದ್ದಂತೆ ಕರಗುತ್ತದೆ. ಆಗ ಹಿಂದಿರುಗಬೇಕು. ‘ನನ್ನ ಮುಂದಿನವನು ದಾಟಿದನಲ್ಲ’ ಎಂಬ ಒಂದು ಯೋಚನೆ ಆ ಕ್ಷಣದಲ್ಲಿ ತಲೆಗೇರಿದರೆ, ಅದೇ ಅವನ ಕೊನೆಯ ಯೋಚನೆಯಾಗಬಹುದು. ಗ್ಲೈಡರು ವಿದ್ಯೆಗೆ ತಳಹದಿ ಹಾಕಿದ ಜರ್ಮನಿಯ ಓಟೋ ಲಿಲಿಯೆಂತಾಲನು 1896ರ ಆಗಸ್ಟಿನಲ್ಲಿ ಗುಡ್ಡದಿಂದ ಹಾರಿ ಬಿದ್ದು ತೀರಿಕೊಂಡನು. ಅಂದಿನಿಂದ ಇಂದಿನವರೆಗೆ ಈ ವಿದ್ಯೆ ತನ್ನ ವಿದ್ಯಾರ್ಥಿಗಳ ದುಡುಕನ್ನು ಕ್ಷಮಿಸಿದ್ದಿಲ್ಲ.

ಆದುದರಿಂದಲೇ ಅಲ್ಲಿ ಕಲಿಸುವ ಮೊದಲ ಪಾಠ, ಇಳಿಯುವ ಜಾಗವನ್ನು ಕಂಡಿರಿಸಿಕೊಂಡಲ್ಲದೆ ಮುಂದಕ್ಕೆ ಹೋಗಬಾರದು ಎಂಬುದು. ಒಣಗಿದ ಕೆರೆಯ ಅಂಗಳ, ದನಗಾಹಿಗಳ ಸಣ್ಣ ವಿಮಾನದಾರಿ, ಇವೆಲ್ಲ ನಕ್ಷೆಯಲ್ಲಿ ಗುರುತಾಗಿರುತ್ತವೆ. ಕುಡಿಯುವ ನೀರು ಜೊತೆಯಲ್ಲಿರಬೇಕು. ಏಣಿ ಸಿಕ್ಕದೆ ದೂರದ ಬಯಲಿನಲ್ಲಿ ಇಳಿದವನಿಗೆ ಆ ಕೂಟದಲ್ಲಿ ಅವಮಾನವಿಲ್ಲ. ಗೆಳೆಯನೊಬ್ಬನು ಉದ್ದನೆಯ ಗಾಡಿಯನ್ನು ಕಾರಿಗೆ ಕಟ್ಟಿಕೊಂಡು, ಕತ್ತಲಾದರೂ ಸರಿ, ಹುಡುಕಿಕೊಂಡು ಹೋಗುತ್ತಾನೆ. ರೆಕ್ಕೆಗಳನ್ನು ಬಿಚ್ಚಿ, ಗಾಡಿಗೇರಿಸಿ, ಇಬ್ಬರೂ ಹಿಂದಿರುಗುತ್ತಾರೆ. ಇಂದು ಅವನಿಗಾಗಿ ಇವನು. ನಾಳೆ ಇವನಿಗಾಗಿ ಅವನು. ಸೋತವನನ್ನು ಮನೆಗೆ ಕರೆತರುವ ಈ ಏರ್ಪಾಡಿಲ್ಲದಿದ್ದರೆ ಯಾರೂ ಊರ ಗಡಿಯನ್ನು ದಾಟುತ್ತಿರಲಿಲ್ಲ.

ಇನ್ನೊಂದು ಪದ್ಧತಿಯೂ ಸೊಗಸಾದುದು. ಏರುವ ಗಾಳಿ ಕಣ್ಣಿಗೆ ಕಾಣದು. ಎಲ್ಲೋ ಒಂದು ಗ್ಲೈಡರು ಸುತ್ತತೊಡಗಿದರೆ ಅಲ್ಲಿ ಏಣಿಯಿದೆಯೆಂದು ಉಳಿದವರು ತಿಳಿದು ಬಂದು ಸೇರುತ್ತಾರೆ. ಮೊದಲು ಬಂದವನು ಎಡಕ್ಕೆ ಸುತ್ತುತ್ತಿದ್ದರೆ ನಂತರ ಬಂದವರೆಲ್ಲರೂ ಎಡಕ್ಕೇ ಸುತ್ತಬೇಕು. ನಾಲ್ವರು ಬಂದು ಸೇರಿದರೆಂದು ಮೊದಲಿನವನ ಪಾಲು ಕಡಿಮೆಯಾಗುವುದಿಲ್ಲ. ಏಣಿಯ ನಡುಗಂಬ ಎಲ್ಲಿದೆಯೆಂಬುದು ಎಲ್ಲರಿಗೂ ಇನ್ನಷ್ಟು ಸ್ಪಷ್ಟವಾಗುತ್ತದೆ.

ಬೆಟ್ಟವನ್ನು ದಾಟಿದ ಗಾಳಿಯಲ್ಲಿ ಏಳುವ ಅಲೆಗಳ ಕಥೆಯೇ ಬೇರೆ. ಹೇಮಾವತಿಯ ನೀರು ಮುಳುಗಿದ ಬಂಡೆಯನ್ನು ದಾಟಿ ಕೆಳಗೆ ಅಲೆಯಲೆಯಾಗಿ ನಿಲ್ಲುವಂತೆ, ಸಿಯೆರಾ ಶ್ರೇಣಿಯನ್ನು ದಾಟಿದ ಗಾಳಿಯೂ ಅಲೆಗಟ್ಟುತ್ತದೆ. ಅದನ್ನೇರಿ 1952ರಲ್ಲಿ ಇಬ್ಬರು 44,255 ಅಡಿಗಳನ್ನು ಮುಟ್ಟಿದರು. 2018ರಲ್ಲಿ ಅರ್ಜೆಂಟೀನಾದ ಆಂಡಿಸ್ ಪರ್ವತಗಳ ಬಳಿ ಪರ್ಲನ್ ಎಂಬ ಗ್ಲೈಡರು 76,000 ಅಡಿಗಳನ್ನು ಮೀರಿತು. ಎಂಜಿನ್ನಿಲ್ಲದ ವಾಹನಕ್ಕೆ ಇದು ಸಾಮಾನ್ಯವಾದ ಸಿದ್ಧಿಯಲ್ಲ.

ಈ ವಿದ್ಯೆ ಕನ್ನಡ ನಾಡಿಗೆ ತೀರ ಹೊಸದೂ ಅಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಡಾ. ವಿ. ಎಂ. ಘಾಟಗೆಯವರು 10 ಜನ ಕೂರುವ ಗ್ಲೈಡರೊಂದನ್ನು ರಚಿಸಿದರು. ಅವರು ಜರ್ಮನಿಯ ಗಟಿಂಗೆನ್‌ನಲ್ಲಿ ವಾಯುಶಾಸ್ತ್ರದ ಆಚಾರ್ಯ ಪ್ರಾಂಟ್ಲನ ಶಿಷ್ಯರು. ಮುಂದೆ ದೆಹಲಿಯಲ್ಲಿ ನಾಗರಿಕ ವಿಮಾನ ಇಲಾಖೆಯ ತಜ್ಞರು ಗ್ಲೈಡರುಗಳನ್ನು ಒಂದರ ಹಿಂದೊಂದು ನಿರ್ಮಿಸಿದರು. ಅವುಗಳ ಹೆಸರುಗಳನ್ನು ಕೇಳಿದರೆ ಪಂಚಾಂಗ ನೋಡುವ ಹಿರಿಯರಿಗೆ ಮುಗುಳ್ನಗೆ ಬಂದೀತು: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ. ಅಶ್ವಿನಿ ಹಾರಿದ್ದು 1958ರಲ್ಲಿ, ಆರ್ದ್ರಾ ಹಾರಿದ್ದು 1979ರಲ್ಲಿ. ಆಕಾಶಕ್ಕೂ ಹಾಸನಕ್ಕೂ ನಂಟಿಲ್ಲದಿಲ್ಲ. 1982ರಿಂದ ದೇಶದ ಉಪಗ್ರಹಗಳಿಗೆ ಹಾಸನದ ನಿಯಂತ್ರಣ ಕೇಂದ್ರದಿಂದ ಆಜ್ಞೆ ಹೋಗುತ್ತಿದೆ. 2003ರಲ್ಲಿ ಕಡಿಮೆ ದರದ ವಿಮಾನಗಳನ್ನು ಹಾರಿಸಿದ ಕ್ಯಾಪ್ಟನ್ ಗೋಪಿನಾಥರು ಹೇಮಾವತಿಯ ದಂಡೆಯ ಗೊರೂರಿನವರು.

ಆದರೆ ಈ ವಿದ್ಯೆಯ ಮೊದಲ ಗುರುಗಳ ಗತಿ ಏನಾಯಿತು? ಹ್ಯಾಂಕಿನ್ ನೋಡಿ ಬರೆದ ರಣಹದ್ದುಗಳೂ ಗ್ಲೈಡರು ಬಳಗದವರಂತೆಯೇ ಬದುಕುವ ಜೀವಿಗಳು. ಒಂದು ರಣಹದ್ದು ಆಹಾರವನ್ನು ಕಂಡು ಕೆಳಗಿಳಿದರೆ, ದೂರದಲ್ಲಿ ಸುತ್ತುತ್ತಿರುವ ಇನ್ನೊಂದು ಅದನ್ನು ನೋಡಿ ಬರುತ್ತದೆ. ಅದನ್ನು ನೋಡಿ ಮತ್ತೊಂದು. ಆಕಾಶದ ತುಂಬ ಹರಡಿದ ಆ ಬಲೆ 1990ರ ದಶಕದಲ್ಲಿ ಹರಿಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧಿ, ಸತ್ತ ದನವನ್ನು ತಿಂದ ಪಕ್ಷಿಯ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಒಂದು ಕಾಲದಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ 1992ರಿಂದ 2007ರ ಹೊತ್ತಿಗೆ 1,000ಕ್ಕೆ 1ರಂತೆ ಮಾತ್ರ ಉಳಿಯಿತು. 2006ರಲ್ಲಿ ಆ ಔಷಧಿಯನ್ನು ದನಗಳಿಗೆ ಕೊಡುವುದನ್ನು ಸರ್ಕಾರ ನಿಷೇಧಿಸಿತು; 2012ರಲ್ಲಿ ರಾಮನಗರದ ಬೆಟ್ಟವೊಂದು ರಣಹದ್ದುಗಳ ಧಾಮವಾಯಿತು. ಕಳೆದುಹೋದುದು ಅಷ್ಟು ಬೇಗ ತುಂಬುವಂಥದಲ್ಲ. ಕೊಟ್ಟವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಹಸುವಿನ ನೋವು ಕಡಿಮೆಯಾಗಲೆಂದೇ ಕೊಟ್ಟನು. ತಲೆಯ ಮೇಲೆ ಸುತ್ತುತ್ತಿದ್ದವರೂ ತನ್ನ ಕೊಟ್ಟಿಗೆಗೆ ನಂಟರೆಂಬುದು ಅವನಿಗೆ ತಿಳಿದಿರಲಿಲ್ಲ, ಅಷ್ಟೆ.

ಪುಣ್ಯಕ್ಕೆ ಹದ್ದು ಇನ್ನೂ ಇದೆ, ಗರುಡವೂ ಇದೆ. ಬೇಸಗೆಯ ರಜೆಗೆ ಅಜ್ಜಿಯ ಊರಿಗೆ ಬಂದ ಮಕ್ಕಳನ್ನು ಒಂದು ದಿನ ಹತ್ತುಗಂಟೆಯ ಹೊತ್ತಿಗೆ ಕೆರೆಯ ಏರಿಗೆ ಕರೆದೊಯ್ದು, ಯಾವ ಹಕ್ಕಿ ಮೊದಲು ಏರುತ್ತದೆ, ಯಾವ ಹೊಲದ ಮೇಲೆ ಏರುತ್ತದೆ, ಎಡಕ್ಕೆ ಸುತ್ತುತ್ತದೆಯೋ ಬಲಕ್ಕೋ ಎಂದು ಬರೆದಿಡಲು ಹೇಳಬಹುದು. ಖರ್ಚೆಂದರೆ ಒಂದು ಪೆನ್ಸಿಲು, ಒಂದು ನೋಟುಬುಕ್ಕು. ಈ ಪರೀಕ್ಷೆಗೆ ಅಂಕಗಳಿಲ್ಲ. ಮಗು ತಲೆಯೆತ್ತಿ ನೋಡುವುದನ್ನು ಕಲಿತರೆ ಅದೇ ಸಾಕು.