ನೀರು ಬರಲ್ಲ ಅನ್ನಬಹುದು, ಯಾಕೆ ಬರಲ್ಲ ಅಂತ ಕೇಳೋ ಹಾಗಿಲ್ಲ!

ಮೊನ್ನೆ ಸಂಜೆ ಧೋ ಅಂತ ಮಳೆ. ಸಿಲ್ಕ್ ಬೋರ್ಡ್ ಹತ್ತಿರ ನಮ್ಮ ಬಸ್ಸು ಮುಕ್ಕಾಲು ಗಂಟೆಯಿಂದ ನಿಂತಲ್ಲೇ ನಿಂತಿತ್ತು. ಮುಂದೆ ನೀರು ನಿಂತಿದೆಯೋ, ಮರ ಬಿದ್ದಿದೆಯೋ ಯಾರಿಗೂ ಗೊತ್ತಿಲ್ಲ. ಪಕ್ಕದಲ್ಲಿದ್ದ ಹೆಂಗಸು ಡೇಕೇರಿನಲ್ಲಿರೋ ಮಗುವಿನ ಚಿಂತೆಯಲ್ಲಿ ಅಳೋದೊಂದು ಬಾಕಿ. ಏನಾದ್ರೂ ತಿಳಿಯಬಹುದು ಅಂತ ಎಫ್‌ಎಂ ಹಾಕಿದೆ. ಅಲ್ಲೊಬ್ಬ ಆರ್‌ಜೆ ಕೇಳ್ತಿದ್ದ, "ಈ ಮಳೇಲಿ ನಿಮ್ಮ ಹುಡುಗಿಗೆ ಯಾವ ಹಾಡು ಡೆಡಿಕೇಟ್ ಮಾಡ್ತೀರಾ ಗುರೂ?"

ಅಲ್ಲಾ ಸ್ವಾಮಿ, ದಿನವಿಡೀ ಪಟಪಟ ಮಾತಾಡೋ ಈ ಜನಕ್ಕೆ ಊರಿನ ಬಗ್ಗೆ ಒಂದು ಮಾತೂ ಯಾಕೆ ಬರಲ್ಲ?

ತಪ್ಪು ಪೂರ್ತಿ ಅವರದ್ದಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ, ರೇಡಿಯೋ ಸಿಟಿ. ಆದರೆ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದೋ ಹಾಗಿಲ್ಲ, ರಾಜಕೀಯ ಚರ್ಚೆ ಮಾಡೋ ಹಾಗಿಲ್ಲ ಅನ್ನೋದು ಕೇಂದ್ರ ಸರ್ಕಾರದ ನಿಯಮ. 2011ರ ನೀತಿಯಲ್ಲಿ ಸ್ವಲ್ಪ ಕನಿಕರ ತೋರಿಸಿದರು. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಾಯಿಸದೆ ಹಾಕಬಹುದು. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ ಹೇಳಬಹುದು. ನೀರು, ಕರೆಂಟಿನ ಬಗ್ಗೆ ಸ್ಥಳೀಯ ಆಡಳಿತ ಕೊಟ್ಟ ಪ್ರಕಟಣೆ ಓದಬಹುದು.

"ಆಡಳಿತ ಕೊಟ್ಟ" ಅನ್ನೋದನ್ನ ಇನ್ನೊಮ್ಮೆ ಓದಿ. 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರ್ ಹಿಂದೆ ಓಡ್ತಿದ್ದಾಗ, ನೀರು ಬರಲ್ಲ ಅಂತ ರೇಡಿಯೋ ಹೇಳಬಹುದಿತ್ತು. ಯಾಕೆ ಬರಲ್ಲ, ಕೆರೆ ಎಲ್ಲಿ ಹೋಯ್ತು, ಟ್ಯಾಂಕರಿನವರಿಗೆ ಮಾತ್ರ ನೀರು ಎಲ್ಲಿಂದ ಬಂತು ಅಂತ ಕೇಳಹೊರಟರೆ ಅದು 'ಸುದ್ದಿ' ಆಗಿಬಿಡುತ್ತೆ!

ಮಿರ್ಚಿ ಟೈಮ್ಸ್ ಗುಂಪಿನದು. ಅದೇ ಮನೆಯವರು ಪೇಪರ್‌ನಲ್ಲಿ ಸುದ್ದಿ ಬರೀತಾರೆ, ಟಿವಿಯಲ್ಲಿ ರಾತ್ರಿಯಿಡೀ ಚರ್ಚೆ ಮಾಡ್ತಾರೆ. ಮೈಕು ರೇಡಿಯೋದ್ದಾದರೆ ಮಾತ್ರ ಬಾಯಿಗೆ ಬೀಗ. ಇದಕ್ಕೆ ಏನಾದ್ರೂ ತರ್ಕ ಇದೆಯಾ?

ಗಾಳಿಸುದ್ದಿ ಹಬ್ಬಿ ಗಲಾಟೆ ಆಗುತ್ತೆ ಅಂತಾರೆ. 2012ರ ಆಗಸ್ಟ್ ನೆನಪಿದೆಯಾ? ಈಶಾನ್ಯ ರಾಜ್ಯಗಳ ಸಾವಿರಾರು ಜನ ಹೆದರಿ, ಸಿಕ್ಕ ರೈಲು ಹತ್ತಿ ಈ ಊರು ಬಿಟ್ಟರು. ಆ ವದಂತಿ ಹಬ್ಬಿದ್ದು ರೇಡಿಯೋದಿಂದಲ್ಲ, ಮೊಬೈಲ್ ಮೆಸೇಜಿನಿಂದ. ಎಸ್ಸೆಮ್ಮೆಸ್ಸಿಗೆ ಮನೆ ವಿಳಾಸ ಇಲ್ಲ. ರೇಡಿಯೋ ಕೇಂದ್ರಕ್ಕೆ ವಿಳಾಸ ಇದೆ, ಲೈಸೆನ್ಸ್ ಇದೆ, ತಪ್ಪು ಹೇಳಿದರೆ ಕಿವಿ ಹಿಂಡಬಹುದು. ಅವತ್ತು ಪೊಲೀಸ್ ಕಮಿಷನರನ್ನೇ ಕೂರಿಸಿಕೊಂಡು ಜನರ ಪ್ರಶ್ನೆಗೆ ನೇರ ಉತ್ತರ ಕೊಡಿಸೋ ಸ್ಟೇಷನ್ ಒಂದಿದ್ದಿದ್ರೆ, ಎಷ್ಟು ಜನ ರೈಲು ಹತ್ತದೆ ಉಳಿಯುತ್ತಿದ್ದರೋ.

ಇನ್ನು ಕೆಲವರು, "ಟಿವಿಯವರ ಕಿರುಚಾಟ ಸಾಲದಾ, ರೇಡಿಯೋನೂ ಹಾಳಾಗಬೇಕಾ?" ಅಂತಾರೆ. ಈ ಭಯ ನನಗೂ ಇದೆ. ಲಂಡನ್ನಿನ ಎಲ್‌ಬಿಸಿ ನೋಡಿ. 1973ರ ಅಕ್ಟೋಬರಿನಲ್ಲಿ ಶುರುವಾದ ವಾಣಿಜ್ಯ ಕೇಂದ್ರ, ಅದರ ಬಂಡವಾಳವೇ ಸುದ್ದಿ ಮತ್ತು ಮಾತು. ಅಲ್ಲೂ ಬಾಯಿಬಡುಕರಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಮೇಯರ್ ಸಾದಿಕ್ ಖಾನ್ ಅಲ್ಲಿ ಕೂತು ಊರಿನವರ ಫೋನಿಗೆ ಉತ್ತರ ಕೊಟ್ಟಿದ್ದಾರೆ. 2013ರಲ್ಲಿ ಉಪಪ್ರಧಾನಿಯಾಗಿದ್ದ ನಿಕ್ ಕ್ಲೆಗ್ ವಾರವಾರ ಬಂದು ಕೂರೋಕೆ ಶುರು ಮಾಡಿದರು. ನಮ್ಮಲ್ಲಿ? 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕೇಳೋಕೆ ಕಾರ್ಪೊರೇಟರೂ ಇಲ್ಲ, ಕೇಳಿಸೋಕೆ ರೇಡಿಯೋನೂ ಇಲ್ಲ.

ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಅಂತ ಟ್ರಾಯ್ ಶಿಫಾರಸು ಮಾಡಿದ್ದು 2023ರಲ್ಲಿ. ಇಪ್ಪತ್ತೆರಡು ವರ್ಷ ಕಾದಿದ್ದಕ್ಕೆ ಹತ್ತು ನಿಮಿಷದ ಶಿಫಾರಸು!

ಹಾಗಂತ ಎಫ್‌ಎಂನವರನ್ನ ಸುಮ್ಮನೆ ಬಿಡೋಕಾಗಲ್ಲ. ಟ್ರಾಫಿಕ್ ಹೇಳೋಕೆ, ಮಳೆ ಎಲ್ಲಿ ಜೋರು ಅಂತ ಹೇಳೋಕೆ ಯಾವ ಕಾನೂನು ಅಡ್ಡ ಬಂತು? ಇರೋ ಅವಕಾಶಾನೇ ಬಳಸದವರು ನಿಯಮದ ಹಿಂದೆ ಅಡಗಿ ಕೂರೋದು ಯಾವ ನ್ಯಾಯ? ಕನ್ನಡ ಹಾಡು ಹಾಕಿದ್ರೆ ಬೆಂಗಳೂರಲ್ಲಿ ಯಾರೂ ಕೇಳಲ್ಲ ಅನ್ನೋ ಮಾತನ್ನೂ ಒಂದು ಕಾಲದಲ್ಲಿ ಕೇಳಿದ್ದೆವು. ಕೇಳುಗರು ಬೆನ್ನು ಹತ್ತಿದರು, ಕನ್ನಡ ಬಂತು, ಜಾಹೀರಾತೂ ಬಂತು. ಈಗ ಊರಿನ ಮಾತಿಗಾಗಿ ಬೆನ್ನು ಹತ್ತಬೇಕು.

1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟದೊಂದು ರೇಡಿಯೋ ಕೇಂದ್ರ ಶುರು ಮಾಡಿದರು. ಆ 'ಆಕಾಶವಾಣಿ'ಯ ಹೆಸರೇ ಆಮೇಲೆ ದೇಶಕ್ಕೆಲ್ಲ ಆಯಿತು. ದೇಶದ ರೇಡಿಯೋಗೆ ಹೆಸರು ಕೊಟ್ಟ ನಾಡಿನಲ್ಲಿ, ರಸ್ತೆ ಯಾಕೆ ಮುಳುಗಿದೆ ಅಂತ ರೇಡಿಯೋದಲ್ಲಿ ಕೇಳೋ ಹಾಗಿಲ್ಲ.

ಅಂದಹಾಗೆ, ಅವತ್ತು ಬಸ್ಸು ಹೊರಡೋಕೆ ಇನ್ನೂ ಅರ್ಧ ಗಂಟೆ ಆಯ್ತು. ಅಷ್ಟರಲ್ಲಿ ಏಳು ಹಾಡು ಡೆಡಿಕೇಟ್ ಆಗಿದ್ದವು.