ಗುಜರಿ ಅಂಗಡಿಯ ಕಲ್ಮರಿಗೆ

ಸಂತೆಗೆ ಹೋದವನು ತರಕಾರಿಯ ಚೀಲದೊಡನೆ ಯಾವುದಾದರೊಂದು ಹಳೆಯ ಪಾತ್ರೆಯನ್ನೂ ಹೊತ್ತು ಬರುವುದು ನನ್ನ ಬಹುಕಾಲದ ರೂಢಿ. ಸಂತೆಬೀದಿಯ ಹಿಂಬದಿಯ ಗುಜರಿ ಅಂಗಡಿಯೇ ಇದಕ್ಕೆ ಕಾರಣ. ಮುರಿದ ಸೈಕಲ್ಲು, ತುಕ್ಕು ಹಿಡಿದ ತಗಡು, ಖಾಲಿ ಬಾಟಲಿಗಳ ನಡುವೆ ಅಲ್ಲಿ ಒಮ್ಮೆ ಹಿತ್ತಾಳೆಯ ಸೇರು ಸಿಕ್ಕಿದರೆ ಇನ್ನೊಮ್ಮೆ ಹಿಡಿ ಸವೆದ ಕಡಗೋಲು, ಮತ್ತೊಮ್ಮೆ ಪಿಂಗಾಣಿಯ ಉಪ್ಪಿನಕಾಯಿ ಜಾಡಿ ಸಿಗುತ್ತದೆ. ಇಂದು ಏನು ಸಿಗುವುದೆಂದು ಮೊದಲೇ ತಿಳಿಯದಿರುವುದೇ ಆ ಅಂಗಡಿಯ ಸೊಗಸು.

ಕಳೆದ ಮಳೆಗಾಲದಲ್ಲಿ ದೊರೆತದ್ದು ಒಂದು ಕಲ್ಮರಿಗೆ. ಅಂಗಡಿಯವರು ಅದನ್ನು ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿದ್ದರು. "ಇದಕ್ಕೆ ತೂಕದ ರೇಟಿಲ್ಲ ಸಾರ್, ಕಲ್ಲನ್ನು ಯಾರು ಕೊಳ್ಳುತ್ತಾರೆ? ಹಾಗೇ ತಗೊಂಡು ಹೋಗಿ" ಎಂದರು. ಒತ್ತಾಯ ಮಾಡಿ ಇನ್ನೂರು ರೂಪಾಯಿ ಕೊಟ್ಟು ತಂದೆ. ಬಳಪದ ಕಲ್ಲಿನಲ್ಲಿ ಉಳಿಯಿಂದ ಕೊರೆದು ಮಾಡಿದ ಪಾತ್ರೆ ಅದು. ಹೊಯ್ಸಳರ ಶಿಲ್ಪಿಗಳು ನೆಚ್ಚಿದ್ದೂ ಇದೇ ಬಗೆಯ ಮೆದುಕಲ್ಲನ್ನು. ಹುಳಿಯೊಡನೆ ಈ ಕಲ್ಲು ಯಾವ ಜಗಳವನ್ನೂ ಆಡದು. ಆದ್ದರಿಂದ ಹುಣಸೆಹಣ್ಣು, ವಾಟೆಹುಳಿ, ಮಜ್ಜಿಗೆ ಯಾವುದನ್ನಿಟ್ಟರೂ ಕಿಲುಬಿನ ಭಯವಿಲ್ಲ. ಕಾಯಲು ತಡ, ಆರಲೂ ತಡ. ಒಲೆಯಿಂದಿಳಿಸಿದ ಮೇಲೂ ಸಾರು ಕೆಲಹೊತ್ತು ಕುದಿಯುತ್ತಲೇ ಇರುತ್ತದೆ. ವಾರವಿಡೀ ಅಕ್ಕಿ ತೊಳೆದ ನೀರು ತುಂಬಿಟ್ಟು, ಎಣ್ಣೆ ಸವರಿ ಅದನ್ನು ಮತ್ತೆ ಪಳಗಿಸಿದೆವು. ಒಳಮೈಯಲ್ಲಿ ಉಳಿಯ ಗೀರುಗಳು ಇಂದಿಗೂ ಬೆರಳಿಗೆ ತಾಗುತ್ತವೆ. ಆ ಗೀರುಗಳ ಮೇಲೆ ಬೆರಳಾಡಿಸುವಾಗಿನ ಸಂತೋಷವನ್ನು ವಿವರಿಸಲು ನನ್ನ ಡಾಕ್ಟರೇಟು ಪದವಿ ಏನೂ ನೆರವಾಗುವುದಿಲ್ಲ.

ಹಿತ್ತಾಳೆಯ ಸೇರಿನ ವಿಷಯವಾದರೋ ನನ್ನ ವೃತ್ತಿಗೆ ಹತ್ತಿರದ್ದು. 1956ರ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಾಗ ಸೇರು, ಪಾವು, ಕೊಳಗಗಳು ವ್ಯಾಪಾರದಿಂದ ಹೊರಬಿದ್ದವು; ಅಡಿಗೆಮನೆಯಲ್ಲಿ ಮಾತ್ರ ಉಳಿದವು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬಿತ್ತನೆ ಬತ್ತ ಹಿಡಿಯುವ ನೆಲವನ್ನು ನಮ್ಮ ಹಿರಿಯರು ಖಂಡುಗದ ಗದ್ದೆ ಎಂದರು. ಎಂದರೆ ಭೂಮಿಯನ್ನು ಅದರ ಅಗಲದಿಂದಲ್ಲ, ಅದು ಬೇಡುವ ಬೀಜದಿಂದ ಅಳೆದರು. ಕೃಷಿ ಕಾಲೇಜಿನ ವಿದ್ಯಾರ್ಥಿಯೊಬ್ಬನಿಗೆ ಆ ಸೇರನ್ನು ತೋರಿಸಿದರೆ, ಪೆನ್ನು ಇಡುವ ಡಬ್ಬಿಯೇ ಎಂದು ಕೇಳಿದ. ತಪ್ಪು ಅವನದಲ್ಲ.

ಇವೆಲ್ಲ ಗುಜರಿಗೆ ಬಂದದ್ದು ಹೇಗೆ? ನಮ್ಮ ಅಟ್ಟಗಳಿಂದಲೇ. ಮನೆ ಹಿಸೆಯಾಗುವಾಗ ಮೊದಲು ತಕ್ಕಡಿಯೇರುವುದು ಅಟ್ಟದ ಪಾತ್ರೆಗಳು. ಮಕ್ಕಳು ಪೇಟೆ ಸೇರಿದ ಮನೆಯಲ್ಲಿ ಉಳಿದ ಮುದುಕರಿಗೆ ಬಚ್ಚಲಿನ ತಾಮ್ರದ ಹಂಡೆಯನ್ನು ಎತ್ತಿ ತಿಕ್ಕುವ ಶಕ್ತಿಯಿಲ್ಲ. ಹಳೆಯ ಕಂಚು ಕೊಟ್ಟರೆ ಹೊಳೆಯುವ ಹೊಸ ಸಾಮಾನು ಕೊಡುವ ವ್ಯಾಪಾರಿ ಅಂಗಳಕ್ಕೇ ಬರುತ್ತಾನೆ. ಹೀಗೆ ಮೂರು ತಲೆಮಾರು ಉಂಡ ಹರಿವಾಣವು, ಮೂರು ವರ್ಷದಲ್ಲಿ ಲೇಪ ಕಿತ್ತುಬರುವ ನಾನ್‌ಸ್ಟಿಕ್ ಬಾಣಲೆಗೆ ಬದಲಾಗುತ್ತದೆ. ಮಾರಿದವರನ್ನು ನಾನು ದೂರುತ್ತಿಲ್ಲ. ಆದರೆ ಈ ಲೆಕ್ಕದಲ್ಲಿ ಮೋಸವಿದೆ ಎಂಬುದನ್ನು ಹೇಳಲೇಬೇಕು.

ಗುಜರಿಗೆ ಹೋದ ಲೋಹ ಕರಗಿ ಮತ್ತೆ ಬಳಕೆಗೆ ಬರುತ್ತದಲ್ಲ, ಅದೂ ಮರುಬಳಕೆಯೇ ಅಲ್ಲವೇ ಎಂದು ವಿದ್ಯಾರ್ಥಿಗಳು ವಾದಿಸುವುದುಂಟು. ಹೌದು, ನೆಲದಿಂದ ಹೊಸದಾಗಿ ಅಗೆಯುವುದಕ್ಕಿಂತ ಅದು ಎಷ್ಟೋ ಮೇಲು. ತಾಮ್ರದ ಅದಿರಿನಲ್ಲಿ ಲೋಹದ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು. ಐದು ಕಿಲೋ ತೂಕದ ಹಂಡೆಯ ಹಿಂದೆ ಅರ್ಧ ಟನ್ನಿನಷ್ಟು ಅಗೆದ ಬೆಟ್ಟವಿದೆ. ಅಗೆದ ಬೆಟ್ಟವೆಂದರೇನೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಗಣಿಗಾರಿಕೆ 2005ರ ಕೊನೆಗೆ ನಿಂತಿತಾದರೂ ಲಕ್ಯಾ ಅಣೆಕಟ್ಟಿನ ಹಿಂದೆ ಅದರ ಹೂಳು ಇನ್ನೂ ನಿಂತಿದೆ. ಆದರೆ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಿಕ್ಕಿ ತೊಳೆದು ಒಲೆಗೇರಿಸಲು ಒಂದು ಹಿಡಿ ಹುಣಸೆಹಣ್ಣು ಸಾಕು. ಅಲ್ಲದೆ, ಕರಗಿದಾಗ ಉಳಿಯುವುದು ಲೋಹ ಮಾತ್ರ. ಕಂಚುಗಾರನ ಬಡಿತ ಉಳಿಯದು. ಹೆಚ್ಚುಕಡಿಮೆ 78 ಭಾಗ ತಾಮ್ರಕ್ಕೆ 22 ಭಾಗ ತವರ ಸೇರಿದ ಒಳ್ಳೆಯ ಕಂಚು ಬೆರಳಿನಿಂದ ಮೀಟಿದರೆ ಗಂಟೆಯಂತೆ ನಾದ ಕೊಡುತ್ತದೆ. ಗುಜರಿ ಅಂಗಡಿಯಲ್ಲಿ ಕಂಚನ್ನು ಗುರುತಿಸಲು ನಾನು ನೆಚ್ಚುವುದು ಈ ಪರೀಕ್ಷೆಯನ್ನೇ. ಬಿರುಕಿದ್ದರೆ ನಾದ ಒಡೆಯುತ್ತದೆ, ಅಂಥದನ್ನು ಬಿಟ್ಟುಬಿಡಿ.

ಹಿತ್ತಾಳೆ, ತಾಮ್ರಗಳನ್ನು ಕಲಾಯಿ ಇಲ್ಲದೆ ಹುಳಿ ಅಡಿಗೆಗೆ ಬಳಸಬಾರದು. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, 232 ಡಿಗ್ರಿಗೆ ಕರಗುವ ತವರವನ್ನು ಹತ್ತಿಯಿಂದ ಒಳಮೈಗೆ ಸವರುವ ಆ ಬಿಳಿ ಹೊಗೆಯ ಕೆಲಸವನ್ನು ಈಗಿನ ಮಕ್ಕಳು ನೋಡಿಯೇ ಇಲ್ಲ. ತವರಕ್ಕೆ ಸೀಸ ಬೆರೆಸುವವರೂ ಇದ್ದಾರೆ, ಎಚ್ಚರ. ನಾಲ್ಕು ಮನೆಯವರು ಕೂಡಿ ವರ್ಷಕ್ಕೊಮ್ಮೆ ನಂಬಿಕೆಯ ಕಲಾಯಿಯವರನ್ನು ಊರಿಗೇ ಕರೆಸುವುದು ಇದಕ್ಕೆ ಪರಿಹಾರವೆಂದು ನನ್ನ ಅಭಿಪ್ರಾಯ. ಕಲಾಯಿಯವರಿಲ್ಲದ ಊರಿನಲ್ಲಿ ಹಿತ್ತಾಳೆಗೆ ಉಳಿಯುವುದು ಎರಡೇ ಗತಿ, ಗುಜರಿ ಇಲ್ಲವೇ ಷೋಕೇಸು.

ಷೋಕೇಸಿನ ಬಗ್ಗೆಯೂ ಒಂದು ಮಾತು. ರೆಸಾರ್ಟು, ಹೋಂಸ್ಟೇಗಳಿಗಾಗಿ ನಮ್ಮ ಕಂಬ, ಬಾಗಿಲು, ಹಂಡೆಗಳನ್ನು ಈಗ ಒಳ್ಳೆಯ ಬೆಲೆ ಕೊಟ್ಟು ಒಯ್ಯುತ್ತಾರೆ. ಕರಗುವುದಕ್ಕಿಂತ ಇದು ವಾಸಿ, ಒಪ್ಪುತ್ತೇನೆ. ಆದರೂ ಬಟ್ಟೆಯ ಹೂವು ತುಂಬಿಕೊಂಡು ಬಾಗಿಲಲ್ಲಿ ನಿಂತ ಹಂಡೆಯನ್ನು ಕಂಡಾಗ ನನಗೆ ಮುಜುಗರವಾಗುತ್ತದೆ. ಇನ್ನು ದೇವರ ವಿಗ್ರಹ, ಓಲೆಗರಿಗಳ ತಂಟೆಗೆ ಹೋಗುವುದೇ ಬೇಡ. 1972ರ ಪುರಾವಸ್ತು ಕಾಯ್ದೆ ಇರುವುದೇ ಅವು ಕಳವಾಗಿ ಕೈಬದಲಾಗದಿರಲೆಂದು.

ಹಳೆಯದನ್ನೇ ಕೊಂಡರೆ ಇಂದು ಕೈಯಿಂದ ಮಾಡುವವರು ಬದುಕುವುದು ಹೇಗೆಂಬ ಪ್ರಶ್ನೆ ನ್ಯಾಯವಾದದ್ದು. ಲೋಹ, ಕಲ್ಲು ತಲೆಮಾರುಗಳ ಕಾಲ ಬಾಳುತ್ತವೆ; ಬುಟ್ಟಿ, ಗೆರಸೆ, ಹೆಡಿಗೆಗಳು ಬಾಳುವುದಿಲ್ಲ. ಆದ್ದರಿಂದ ಬಿದಿರಿನದನ್ನು ಹೊಸದಾಗಿಯೇ, ಹೆಣೆದವರ ಕೈಯಿಂದಲೇ ಕೊಳ್ಳಬೇಕು. ಅವರಿಗೆ ಆದ ಅನ್ಯಾಯವೂ ಚಿಕ್ಕದಲ್ಲ. 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಬಿದಿರು ಕಾಗದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ದೊರೆಯುತ್ತಿದ್ದಾಗ ಬುಟ್ಟಿ ಹೆಣೆಯುವವರು ಅದನ್ನು ಪೇಟೆಯ ದರ ತೆತ್ತು ಕೊಳ್ಳಬೇಕಿತ್ತೆಂದು ಮಾಧವ ಗಾಡ್ಗೀಳರು ಬರೆದಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದಿತು. 2017ರ ತಿದ್ದುಪಡಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ಬಿಟ್ಟಿತು. ತೋಟದಂಚಿನಲ್ಲಿ ನಾಲ್ಕು ಹಿಂಡಿಲು ಬಿದಿರು ಬೆಳೆಸಿ ಊರಿನ ಮೇದಾರರಿಗೆ ಕೊಡಲು ಈಗ ನಮಗೆ ಅಡ್ಡಿಯಿಲ್ಲ. ಪ್ಲಾಸ್ಟಿಕ್ ಬುಟ್ಟಿಯ ಬೆಲೆಗೆ ಬಿದಿರಿನದನ್ನು ಕೇಳುವ ಚೌಕಾಶಿಯನ್ನು ಮಾತ್ರ ನಿಲ್ಲಿಸಬೇಕು.

ಇದನ್ನು ಬರೆಯುವ ಹೊತ್ತಿಗೆ ಜಗಲಿಯ ಮೇಲೆ ಇನ್ನೊಂದು ಹಂಡೆ ಬಂದು ಕುಳಿತಿದೆ. ಗುಜರಿಯವರು ತೂಕದ ಬೆಲೆಗಿಂತ ಐನೂರು ಹೆಚ್ಚು ಕೇಳಿದರು, ಕೊಟ್ಟೆ. ತಳದಲ್ಲಿ ಸಾಸಿವೆಯಷ್ಟು ತೂತಿದೆ. ಬೆಸುಗೆ ಹಾಕುವ ಆಚಾರ್ರು ದೀಪಾವಳಿಗೆ ಮುಂಚೆ ಆಗುವುದಿಲ್ಲವೆಂದಿದ್ದಾರೆ. ಹಾಗಾದರೆ ಈ ವರ್ಷದ ನೀರು ತುಂಬುವ ಹಬ್ಬಕ್ಕೆ ಅದು ಒದಗುವಂತಿಲ್ಲ. ಹಳೆಯ ಹಂಡೆಯನ್ನೇ ತಿಕ್ಕಬೇಕು.