ಗಿಣ್ಣು ಯಾರ ಪಾಲು?

ಹಸು ಕರು ಹಾಕಿದ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಕರು ಎದ್ದು ನಿಂತಿತೇ?’ ಎಂಬುದಲ್ಲ, ‘ಗಿಣ್ಣು ಎಷ್ಟು ಬಂತು?’ ಎಂಬುದು. ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಗಿಣ್ಣು ಪಟ್ಟಣದಲ್ಲಿರುವ ಮಗಳ ಮನೆಗೂ ಪ್ರಯಾಣ ಮಾಡುತ್ತದೆ. ಹಾಲು ತಾನೆ, ಇದರಲ್ಲಿ ಹಿಂಸೆ ಎಲ್ಲಿ ಬಂತು ಎನ್ನುವ ಧರ್ಮಬಂಧುಗಳು ಸ್ವಲ್ಪ ತಾಳಬೇಕು.

ಮನುಷ್ಯಶಿಶು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ಪ್ರತಿಕಾಯಗಳನ್ನು ಪಡೆದು ಹುಟ್ಟುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸುವಿನ ಮಾಸು ಪ್ರತಿಕಾಯಗಳನ್ನು ದಾಟಗೊಡುವುದಿಲ್ಲವಾದ್ದರಿಂದ ಅದು ಬಹುಮಟ್ಟಿಗೆ ನಿರಾಯುಧವಾಗಿಯೇ ಭೂಮಿಗೆ ಬೀಳುತ್ತದೆ. ಆಯುಧಗಳು ಕೆಚ್ಚಲಿನಲ್ಲಿ, ಗಿಣ್ಣಿನ ರೂಪದಲ್ಲಿ ಕಾದಿರುತ್ತವೆ. ಅವನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಸೇರಿಸುವ ಶಕ್ತಿ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆಗಳಷ್ಟೇ ಚೆನ್ನಾಗಿರುತ್ತದೆ. 24 ಗಂಟೆಗಳ ಹೊತ್ತಿಗೆ ಬಾಗಿಲು ಮುಚ್ಚಿದಂತೆಯೇ. 25 ಕಿಲೋ ತೂಗುವ ಕರುವಿಗೆ ಅಷ್ಟರೊಳಗೆ ಸುಮಾರು 2.5 ಲೀಟರ್ ಗಿಣ್ಣು ಸಿಗಬೇಕು. ಸಿಗದ ಕರು ಭೇದಿ, ಕೀಲುಬಾವು, ಶ್ವಾಸಕೋಶದ ಉರಿಯೂತಗಳಿಗೆ ಸುಲಭವಾಗಿ ತುತ್ತಾಗುತ್ತದೆ. ನಾವು ‘ಅದರ ಆಯುಷ್ಯ ಅಷ್ಟೇ’ ಎಂದು ಕೈತೊಳೆದುಕೊಳ್ಳುತ್ತೇವೆ.

ಒಲೆಯ ಮೇಲೆ ಗಿಣ್ಣು ಗಟ್ಟಿಯಾಗುವುದಾದರೂ ಏಕೆ? ಪ್ರತಿಕಾಯಗಳೇ ಮೊದಲಾದ ಪ್ರೋಟೀನುಗಳು ಅದರಲ್ಲಿ ದಟ್ಟವಾಗಿರುವುದರಿಂದ. ತಟ್ಟೆಯಲ್ಲಿ ನಾವು ಕತ್ತರಿಸಿ ಹಂಚಿಕೊಳ್ಳುವುದು ಕರುವಿನ ಕವಚವನ್ನೇ.

ಮಾಸು ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ನಂಬಿಕೆ ಇನ್ನೊಂದು ಅನರ್ಥ. ಕರು ಚೀಪಿದಾಗ ಗರ್ಭಕೋಶ ಸಂಕುಚಿಸಿ ಮಾಸು ಬೀಳಲು ನೆರವಾಗುತ್ತದೆ. ನಮ್ಮವರು ತಿಳಿದುಕೊಂಡಿರುವುದು ಇದಕ್ಕೆ ತದ್ವಿರುದ್ಧ.

ಹಸು ಈದ 10 ದಿನ ಅದರ ಹಾಲನ್ನು ಬಳಸಬಾರದೆಂಬ ಸೂತಕದ ನಿಯಮ ನಮ್ಮಲ್ಲಿ ಉಂಟು, ನಿಜ. ಆದರೆ ತಾವು ಮುಟ್ಟದ ಗಿಣ್ಣನ್ನು ನೆರೆಯವರಿಗೆ ಕರೆದುಕೊಟ್ಟು ಶುದ್ಧರಾದೆವೆಂದು ಭಾವಿಸುವ ಶ್ರಾವಕರೂ ಇದ್ದಾರೆ. ಯಾರು ತಿಂದರೂ ಕರುವಿಗೆ ತಪ್ಪಿದ್ದು ತಪ್ಪಿದ್ದೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕಟ್ಟುವುದು, ಹೊಡೆಯುವುದರ ಜೊತೆಗೆ ಅನ್ನಪಾನನಿರೋಧವನ್ನೂ ಎಣಿಸಿದೆ. ಹುಟ್ಟಿದ ಮೊದಲ ಗಂಟೆಯ ಅನ್ನಪಾನಕ್ಕಿಂತ ದೊಡ್ಡದು ಯಾವುದು?

ಮಿಶ್ರತಳಿಯ ಹಸು ಕರುವಿಗೆ ಸಾಕಾಗಿ ಮಿಗುವಷ್ಟು ಗಿಣ್ಣು ಕೊಡುತ್ತದೆಂಬ ವಾದವನ್ನು ಒಪ್ಪುತ್ತೇನೆ. ಆ ಮಿಕ್ಕದ್ದೂ ತಬ್ಬಲಿ ಕರುಗಳ ಪಾಲು. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಅದನ್ನು ತಿಂಗಳುಗಟ್ಟಲೆ ಕಾಪಿಡಬಹುದು; ಕುದಿಸದೆ, ಬಿಸಿನೀರಿನಲ್ಲಿಟ್ಟು ಕರಗಿಸಿ ಕುಡಿಸಬೇಕು. ಅಮೃತಶಿಲೆಯ ಹೆಸರುಫಲಕಗಳಿಗೆ ಹಣ ಕೂಡಿಸುವ ಗೋಶಾಲೆಯ ಟ್ರಸ್ಟುಗಳಿಗೆ ಒಂದು ಶೀತಪೆಟ್ಟಿಗೆ ಭಾರವೇ?

ಹುಟ್ಟಿನಿಂದಲೇ ಬರುವ ಕೊರತೆಗಳೂ ಉಂಟು, ಅವುಗಳ ಹರಡುವಿಕೆಯಲ್ಲಿಯೂ ಮನುಷ್ಯನ ಕೈವಾಡವಿದೆ. ಹಾಲ್‌ಸ್ಟೀನ್ ತಳಿಯಲ್ಲಿ ‘ಬ್ಲಾಡ್’ ಎಂಬ ದೋಷವಿರುವ ಕರುವಿನ ಬಿಳಿರಕ್ತಕಣಗಳು ರಕ್ತನಾಳವನ್ನು ದಾಟಿ ಸೋಂಕಿನ ಸ್ಥಳವನ್ನು ತಲುಪಲಾರವು. 1992ರಲ್ಲಿ ವಿಜ್ಞಾನಿಗಳು ಅದರ ಮೂಲವನ್ನು ಹುಡುಕಿದಾಗ ಎಲ್ಲ ಎಳೆಗಳೂ ಕೃತಕ ಗರ್ಭಧಾರಣೆಗೆ ಬಳಸಿದ ಒಂದೇ ಹೋರಿಗೆ ಹೋಗಿ ಸೇರಿದವು; ಅಮೆರಿಕದ ಆ ತಳಿಯ ಹೋರಿಗಳಲ್ಲಿ ಸುಮಾರು 15 ಶೇಕಡಾ ಆಗಲೇ ಈ ದೋಷದ ವಾಹಕಗಳಾಗಿದ್ದವು. ಹೆಚ್ಚು ಹಾಲಿನ ಆಸೆ ಮಾಡಿದ ಕೆಲಸವಿದು. ವಾಹಕ ಹೋರಿಯನ್ನು ಈಗ ರಕ್ತಪರೀಕ್ಷೆಯಿಂದ ಗುರುತಿಸಬಹುದು. ನಮ್ಮ ಗೋಶಾಲೆಗಳಲ್ಲೋ ಒಂದೇ ಹೋರಿಯನ್ನು ವರ್ಷಗಟ್ಟಲೆ ಬಿಟ್ಟು, ಅದರ ಹೆಣ್ಣುಕರುಗಳೂ ಅದರಿಂದಲೇ ಗಬ್ಬವಾಗುವುದನ್ನು ನೋಡಿಯೂ ನೋಡದಂತಿರುವವರಿದ್ದಾರೆ. ಅಡಗಿರುವ ದೋಷಗಳು ಮೇಲೇಳಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಹಾಲಿಗೆ ಬಾರದ ಗಂಡುಕರುವನ್ನು ಎರಡನೆಯ ದಿನವೇ ಗೋಶಾಲೆಯ ಬಾಗಿಲಿಗೆ ತಂದು ಬಿಟ್ಟು ಅಭಯದಾನದ ರಸೀತಿ ಪಡೆಯುವವರನ್ನು ವ್ಯವಸ್ಥಾಪಕರು ಕೇಳಬೇಕಾದದ್ದು ದೇಣಿಗೆಯ ಮೊತ್ತವನ್ನಲ್ಲ. ಕರು ಹುಟ್ಟಿದ ಗಂಟೆ ಯಾವುದು, ಮೊದಲ ಗಿಣ್ಣು ಕುಡಿದ ಗಂಟೆ ಯಾವುದು ಎಂದು ಕೇಳಿ ಬರೆದುಕೊಳ್ಳಬೇಕು. ಈ ಎರಡು ಕಾಲಂಗಳಿಲ್ಲದ ದಾಖಲೆ ಪುಸ್ತಕಕ್ಕೆ ಮುಂದಿನ ವಾರ್ಷಿಕ ಸಭೆಯಲ್ಲಿ ಯಾವ ಸದಸ್ಯರೂ ಅನುಮೋದನೆ ಕೊಡಕೂಡದು.